ಅನುಮತಿಯ ಹೊಣೆ

ಬೇಡವೆಂದು ಹೇಳುವುದು ಹಿರಿಯರಿಗೆ ಸುಲಭ. ಆಗಲಿ ಎಂದು ಹೇಳುವುದು ಅದಕ್ಕಿಂತಲೂ ಸುಲಭ. ಆದರೆ ಆಗಲಿ ಎಂಬ ಮಾತು ಬಾಯಿಂದ ಹೊರಟಮೇಲೆ ಅದನ್ನು ಆಡಿದವನು ಏನಾಗುತ್ತಾನೆ? ಮುಂದೆ ನಡೆಯುವುದಕ್ಕೆಲ್ಲ ಅವನು ಕೇವಲ ಸಾಕ್ಷಿಯೋ, ಪಾಲುಗಾರನೋ, ಅಥವಾ ಕರ್ತೃವೇ ಆಗಿಬಿಡುತ್ತಾನೋ? ಮಕ್ಕಳಿರುವ ಮನೆಗಳಲ್ಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಇದನ್ನು ವಿಚಾರಿಸುವುದಕ್ಕೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಗೃಹಸ್ಥರಲ್ಲಿ ಬಳಕೆಯಾಗಿರುವ ಒಂದು ವ್ಯವಹಾರವು ತಕ್ಕ ಉದಾಹರಣೆಯಾಗಿದೆ.

ಆ ದೇಶದ ಬಹುತೇಕ ಸಂಸ್ಥಾನಗಳಲ್ಲಿ ೧೬ನೆಯ ವಯಸ್ಸಿಗೆ, ಕೆಲವು ನಿಬಂಧನೆಗಳೊಡನೆ, ಮೋಟಾರು ನಡೆಸುವ ಲೈಸೆನ್ಸು ದೊರೆಯುತ್ತದೆ. ಮನೆಗೂ ಪೇಟೆಗೂ ಮೈಲಿಗಟ್ಟಲೆ ಅಂತರವಿರುವ ಊರುಗಳಲ್ಲಿ ಕಾರಿಲ್ಲದವನು ಕಾಲಿಲ್ಲದವನಂತೆ. ಆದಕಾರಣ ರಜಾಕಾಲದಲ್ಲಿ ನೆರೆಹೊರೆಯವರ ಅಂಗಳದ ಹುಲ್ಲು ಕತ್ತರಿಸಿಯೋ ಅಂಗಡಿಯಲ್ಲಿ ದುಡಿದೋ ಸಾವಿರ ಎರಡು ಸಾವಿರ ಡಾಲರು ಕೂಡಿಟ್ಟ ಹುಡುಗನು ಹಳೆಯ ಕಾರೊಂದನ್ನು ಕೊಳ್ಳಲು ಬಯಸುವುದುಂಟು. ಹುಡುಗಿಯರಲ್ಲಿಯೂ ಈ ಆಸೆ ಇಲ್ಲದಿಲ್ಲ. ಅಷ್ಟು ಹಣಕ್ಕೆ ಅನೇಕ ವೇಳೆ ಸಿಕ್ಕುವುದು ಓಡುವ ಗಾಡಿಯಲ್ಲ, ಓಡಿಸಬೇಕಾದ ಗಾಡಿ. ಇಂಜಿನು ಕೆಟ್ಟಿರುತ್ತದೆ, ಸೀಟು ಹರಿದಿರುತ್ತದೆ, ಬಣ್ಣ ಉದುರಿರುತ್ತದೆ. ಇಂಥದನ್ನು ಅಲ್ಲಿಯವರು ‘ಪ್ರಾಜೆಕ್ಟ್ ಕಾರು’ ಎನ್ನುತ್ತಾರೆ. ಎಂದರೆ, ಅದು ವಾಹನವೆಂಬುದಕ್ಕಿಂತ ಹೆಚ್ಚಾಗಿ, ಕೈಗೊಂಡು ಪೂರೈಸಬೇಕಾದ ಒಂದು ಕಾರ್ಯ.

ಈ ವಾಡಿಕೆ ನಿನ್ನೆ ಮೊನ್ನೆಯದಲ್ಲ. ಫೋರ್ಡ್ ಕಂಪೆನಿಯು ೧೯೦೮ರಿಂದ ೧೯೨೭ರವರೆಗೆ ‘ಮಾಡೆಲ್ ಟಿ’ ಎಂಬ ಕಾರನ್ನು ಒಂದೂವರೆ ಕೋಟಿಯಷ್ಟು ಸಂಖ್ಯೆಯಲ್ಲಿ ನಿರ್ಮಿಸಿತು. ಕಾಲಕ್ರಮದಲ್ಲಿ ಅವು ಹಳತಾಗಿ ಅಗ್ಗವಾದುವು. ೧೯೩೦ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯದ ತರುಣರು ಅಂಥ ಹಳೆಯ ಗಾಡಿಗಳ ಮಡ್‌ಗಾರ್ಡು ಮೊದಲಾದುವನ್ನು ಕಳಚಿ ಹಗುರಮಾಡಿ, ಇಂಜಿನುಗಳನ್ನು ತಿದ್ದಿ, ಒಣಗಿದ ಸರೋವರಗಳ ಬಯಲಿನಲ್ಲಿ ಓಡಿಸುತ್ತಿದ್ದರು. ೧೯೩೭ರಲ್ಲಿ ಅವರ ಕೂಟಗಳೆಲ್ಲ ಸೇರಿ, ವೇಗವನ್ನು ಕ್ರಮವರಿತು ಅಳೆಯುವುದಕ್ಕಾಗಿ ಒಂದು ಸಂಘವನ್ನು ಕಟ್ಟಿಕೊಂಡುವು. ೧೯೪೮ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಪತ್ರಿಕೆಯೂ ಹೊರಟಿತು. ಈಗ ಗಾಡಿಗಳ ಹೆಸರು ಬೇರೆ; ಹಳೆಯ ಹೋಂಡಾ ಸಿವಿಕ್ ಇರಬಹುದು, ಮಸ್ಟ್ಯಾಂಗ್ ಇರಬಹುದು. ಇತರರು ಮೂಲೆಗೆ ತಳ್ಳಿದುದನ್ನು ತನ್ನ ಕೈಯಿಂದ ಎಬ್ಬಿಸಿ ನಿಲ್ಲಿಸಬೇಕೆಂಬ ಬಾಲಕನ ಆಸೆ ಮಾತ್ರ ಅದೇ ಆಗಿದೆ.

ಇದಕ್ಕೆ ತಂದೆತಾಯಿಗಳ ಒಪ್ಪಿಗೆ ಬೇಕಾಗುವುದು ಬರಿಯ ಮರ್ಯಾದೆಗಾಗಿ ಅಲ್ಲ. ಪ್ರಾಪ್ತವಯಸ್ಕನಲ್ಲದವನು ಮಾಡಿಕೊಂಡ ಕರಾರನ್ನು ಅವನೇ ಮುರಿಯಬಹುದೆಂಬುದು ಅಲ್ಲಿಯ ನ್ಯಾಯಪದ್ಧತಿಯ ಸಾಮಾನ್ಯ ನಿಯಮ. ಆದ್ದರಿಂದ ಮಾರುವವನು ಹಿರಿಯರ ರುಜುವನ್ನು ಕೇಳುವುದುಂಟು. ಕ್ಯಾಲಿಫೋರ್ನಿಯದಲ್ಲಿ ಬಾಲಕನ ಲೈಸೆನ್ಸಿನ ಅರ್ಜಿಗೆ ರುಜುಮಾಡಿದ ಹಿರಿಯರು, ಅವನ ಅಜಾಗರೂಕತೆಯಿಂದ ಪರರಿಗೆ ಒದಗಿದ ನಷ್ಟಕ್ಕೆ ಗೊತ್ತಾದ ಮಿತಿಯೊಳಗೆ ತಾವೂ ಬಾಧ್ಯರಾಗುತ್ತಾರೆ.

ಇಲ್ಲಿ ಮೂರು ಪಕ್ಷಗಳು ಏಳುತ್ತವೆ. ಹಣ ಅವನದು, ಶ್ರಮ ಅವನದು, ಆದ್ದರಿಂದ ಆಯ್ಕೆಯೂ ಅವನದೇ. ಒಮ್ಮೆ ಒಪ್ಪಿಗೆ ಕೊಟ್ಟಮೇಲೆ ತಂದೆ ದೂರ ನಿಲ್ಲತಕ್ಕದ್ದೆಂಬುದು ಮೊದಲನೆಯದು. ಮೋಟಾರು ಅಪಘಾತವು ಅಮೆರಿಕದಲ್ಲಿ ಹದಿಹರೆಯದವರ ಮರಣಕ್ಕೆ ಮುಖ್ಯ ಕಾರಣಗಳಲ್ಲೊಂದು. ಇಷ್ಟು ತಿಳಿದೂ ಒಪ್ಪುವುದು ಮೌಢ್ಯವೆಂಬುದು ಎರಡನೆಯದು. ಅನುಮತಿಯೇನೋ ಇರಲಿ, ಆದರೆ ಗಾಡಿಯನ್ನು ತಂದೆಯೇ ನೋಡಿ, ತಂದೆಯೇ ಆರಿಸಿ, ಬೇಕಾದರೆ ಮೇಲಿನ ಹಣವನ್ನೂ ಹಾಕಿ ಒಳ್ಳೆಯದನ್ನೇ ತರಲಿ ಎಂಬುದು ಮೂರನೆಯದು.

ಮೂರನೆಯ ಪಕ್ಷವೇ ಎಲ್ಲಕ್ಕಿಂತ ಹಿತವಾಗಿ ಕಾಣುತ್ತದೆ. ಆದರೆ ಅನುಮತಿಯನ್ನು ಸಮೂಲವಾಗಿ ಕೆಡಿಸುವುದು ಅದೇ. ಅದರಲ್ಲಿ ಅನುಜ್ಞೆಯು ಆಜ್ಞೆಯಾಗಿ ಬದಲಾಗುತ್ತದೆ. ಪರರು ಆರಿಸಿಕೊಟ್ಟ ಗಾಡಿಯಲ್ಲಿ ಕುಳಿತವನು ನಡೆಸಲು ಕಲಿತಾನು, ಆರಿಸಲು ಕಲಿಯನು. ಎರಡನೆಯ ಪಕ್ಷವು ಅಪಾಯವನ್ನು ಮನೆಯ ಬಾಗಿಲಿನಿಂದ ಮಾತ್ರ ಆಚೆಗೆ ಅಟ್ಟುತ್ತದೆ. ಸ್ವಂತ ಗಾಡಿಯಿಲ್ಲದ ಹುಡುಗನು ಸ್ನೇಹಿತನ ಗಾಡಿಯಲ್ಲಿ ಹೋಗುತ್ತಾನೆ. ಅಲ್ಲಿ ತಂದೆಯ ಕಣ್ಣಿಲ್ಲ. ನಿಷೇಧಿಸುವುದೂ ಒಂದು ಕ್ರಿಯೆಯೇ. ಅದಕ್ಕೂ ಫಲವುಂಟೆಂಬುದನ್ನು ಈ ಪಕ್ಷದವರು ಮರೆಯುತ್ತಾರೆ. ಮೊದಲನೆಯ ಪಕ್ಷವಾದರೋ ಅನುಮತಿಯನ್ನೂ ಉಪೇಕ್ಷೆಯನ್ನೂ ಒಂದೇ ಎಂದು ಭ್ರಮಿಸಿದುದಾಗಿದೆ.

ಅನುಮತಿ ಕೊಟ್ಟವನು ಹೊರಗಿನವನಾಗಿ ಉಳಿಯಲಾರನೆಂಬುದು ಪೂರ್ವಿಕರ ದೃಢವಾದ ಅಭಿಪ್ರಾಯ. ಮನುಸ್ಮೃತಿಯ ಐದನೆಯ ಅಧ್ಯಾಯವು ಪ್ರಾಣಿಹಿಂಸೆಯ ಪ್ರಸ್ತಾಪದಲ್ಲಿ ಅನುಮತಿಯಿತ್ತವನನ್ನೂ ಘಾತಕರ ಪಂಕ್ತಿಯಲ್ಲಿಯೇ ಎಣಿಸಿದೆ. ಭಾರತದ ಇಂದಿನ ಶಾಸನವೂ ಹೆಚ್ಚುಕಡಿಮೆ ಇದೇ ದಾರಿಯನ್ನು ಹಿಡಿದಿದೆ. ಇಲ್ಲಿ ಕಾರು ನಡೆಸಲು ೧೮ ವರ್ಷ ತುಂಬಿರಬೇಕು; ಬಾಲಕನು ಗಾಡಿ ನಡೆಸಿ ಅಪರಾಧಮಾಡಿದಲ್ಲಿ, ೨೦೧೯ರಲ್ಲಿ ತಿದ್ದಲಾದ ಮೋಟಾರು ವಾಹನಗಳ ಕಾಯಿದೆಯು ಪೋಷಕನನ್ನು ಅಥವಾ ಗಾಡಿಯ ಒಡೆಯನನ್ನು ಅಪರಾಧಿಯೆಂದೇ ಭಾವಿಸಿ, ೩ ವರ್ಷಗಳವರೆಗೆ ಸೆರೆಯನ್ನೂ ೨೫,೦೦೦ ರೂಪಾಯಿ ದಂಡವನ್ನೂ ವಿಧಿಸುತ್ತದೆ. ತನಗೆ ತಿಳಿಯದೆ ನಡೆಯಿತೆಂದಾಗಲಿ, ತಡೆಯಲು ತಕ್ಕ ಎಚ್ಚರಿಕೆ ವಹಿಸಿದ್ದೆನೆಂದಾಗಲಿ ಸಿದ್ಧಪಡಿಸಿದವನಿಗೆ ಮಾತ್ರ ಬಿಡುಗಡೆ. ತಿಳಿದೂ ಸುಮ್ಮನಿದ್ದವನು ಮಾಡಿದವನಿಗೆ ಸಮನೆಂಬುದೇ ಇದರ ತಾತ್ಪರ್ಯ.

ಹಾಗಾದರೆ ಹೊಣೆಯನ್ನು ಹೊತ್ತವನು ಸ್ವಾತಂತ್ರ್ಯವನ್ನು ಕೊಡುವುದು ಹೇಗೆ? ಇದಕ್ಕೆ ಸಮಾಧಾನವು ತಪ್ಪುಗಳ ಸ್ವರೂಪವನ್ನು ವಿಂಗಡಿಸುವುದರಲ್ಲಿದೆ. ಹಿಂದಿನ ಕಾಲದ ಮಠಗಳಲ್ಲಿ ಮಗುವಿಗೆ ಮೊದಲು ಮರಳಿನ ಮೇಲೆ ಅಕ್ಷರವನ್ನು ತಿದ್ದಿಸುತ್ತಿದ್ದರು. ಓಲೆಯನ್ನೂ ಕಂಟವನ್ನೂ ಅದರ ಕೈಗೆ ಕೊಡುತ್ತಿರಲಿಲ್ಲ. ಮರಳಿನ ಮೇಲಣ ತಪ್ಪು ಅಂಗೈ ಆಡಿಸಿದರೆ ಅಳಿಯುತ್ತದೆ. ಓಲೆಯಲ್ಲಿ ಕೊರೆದದ್ದು ಅಳಿಯದು. ಮರಳಿನ ಮೇಲೆ ಎಷ್ಟು ಸಲ ತಪ್ಪಿದರೂ ಉಪಾಧ್ಯಾಯರು ಸಹಿಸುತ್ತಿದ್ದುದು ಆ ಕಾರಣದಿಂದಲೇ. ಅನುಮತಿಯ ಧರ್ಮವೂ ಇಷ್ಟೇ: ತಿದ್ದಿಕೊಳ್ಳಬಹುದಾದ ತಪ್ಪನ್ನು ಮಗನಿಗೆ ಬಿಡಬೇಕು; ತಿದ್ದಲಾಗದ ತಪ್ಪಿಗೆ ಹಿರಿಯನು ಅಡ್ಡ ನಿಲ್ಲಬೇಕು.

ಕೊಂಡ ಇಂಜಿನು ತಿರುಗದೆ ಹೋದರೆ ಅದು ಮರಳಿನ ಮೇಲಣ ತಪ್ಪು. ಹಣ ಹೋಗುತ್ತದೆ, ಒಂದು ಚಳಿಗಾಲ ಕಳೆಯುತ್ತದೆ, ಗೆಳೆಯರು ನಗುತ್ತಾರೆ. ಆದರೆ ಬಿಚ್ಚಿದ್ದನ್ನು ಮತ್ತೆ ಜೋಡಿಸುವ ತಾಳ್ಮೆ ಬರುತ್ತದೆ, ಮಾರುವವನ ಸವಿಮಾತಿಗೂ ವಸ್ತುವಿನ ಗುಣಕ್ಕೂ ಇರುವ ಅಂತರ ತಿಳಿಯುತ್ತದೆ. ಇಂಥ ನಷ್ಟವನ್ನು ತಂದೆ ತಡೆಯಬಾರದು, ತುಂಬಿಕೊಡಲೂ ಬಾರದು. ಗಾಡಿಯು ಕೊನೆಗೂ ಓಡದೆ ಹಿತ್ತಲಲ್ಲೇ ಉಳಿದರೂ, ಕೈಗೆ ಬಂದ ವಿದ್ಯೆ ಅದರೊಡನೆ ತುಕ್ಕು ಹಿಡಿಯುವುದಿಲ್ಲ.

ಆದರೆ ಗಾಡಿಯ ಚಾಸಿಯೇ ತುಕ್ಕಿನಿಂದ ಸವೆದಿದ್ದರೆ ಮಾತು ಬೇರೆ. ಅಮೆರಿಕದ ಉತ್ತರಭಾಗದಲ್ಲಿ ಚಳಿಗಾಲದ ಹಿಮವನ್ನು ಕರಗಿಸಲು ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪು ಗಾಡಿಯ ಅಡಿಯನ್ನು ಕಾಣದಂತೆ ತಿನ್ನುತ್ತದೆ. ಮೇಲಿನ ಬಣ್ಣ ಹೊಳೆಯುತ್ತಿದ್ದರೂ ಅಂಥದು ಡಿಕ್ಕಿಯನ್ನು ತಾಳಲಾರದು. ಬ್ರೇಕಿನ ವಿಷಯವೂ ಹಾಗೆಯೇ. ೧೯೬೪ರ ಏಪ್ರಿಲಿನಲ್ಲಿ ಹೊರಬಂದ ಮಸ್ಟ್ಯಾಂಗಿನ ಮೊದಲ ಗಾಡಿಗಳಲ್ಲಿ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ತೈಲಮಾರ್ಗವಿದ್ದಿತು. ಒಂದು ಕಡೆ ನಳಿಗೆ ಒಡೆದರೆ ನಾಲ್ಕೂ ವ್ಯರ್ಥ. ಮಾರ್ಗವನ್ನು ಎರಡಾಗಿ ಒಡೆಯುವುದು ಅಲ್ಲಿಯ ಹೊಸ ಕಾರುಗಳಿಗೆ ಕಡ್ಡಾಯವಾದುದು ೧೯೬೮ರಲ್ಲಿ. ಜಾಕಿನ ಮೇಲೆ ಮಾತ್ರ ಎತ್ತಿದ ಗಾಡಿಯ ಕೆಳಗೆ, ಗಟ್ಟಿಯಾದ ಸ್ಟ್ಯಾಂಡನ್ನು ಕೊಡದೆ, ನುಸುಳುವುದು ಮತ್ತೊಂದು. ಹೊಸದಾಗಿ ಕಲಿತವನು ರಾತ್ರಿಯ ವೇಳೆ ಸಮವಯಸ್ಕರನ್ನು ತುಂಬಿಕೊಂಡು ಹೊರಡುವುದು ಇನ್ನೊಂದು. ಇವೆಲ್ಲ ಓಲೆಯ ಮೇಲೆ ಕಂಟದಿಂದ ಕೊರೆದಂಥವು. ಇಲ್ಲಿ ‘ಅನುಭವದಿಂದ ಕಲಿಯಲಿ’ ಎಂಬ ಮಾತಿಗೆ ಅರ್ಥವಿಲ್ಲ. ಕಲಿಯಬೇಕಾದವನೇ ಉಳಿಯದಿರಬಹುದು, ದಾರಿಯಲ್ಲಿ ನಡೆದುಹೋಗುತ್ತಿದ್ದ ನಿರಪರಾಧಿಯೂ ಉಳಿಯದಿರಬಹುದು. ಹಣವು ಮಗನದೇ ಆಗಿದ್ದರೂ ಆ ದಾರಿಹೋಕನ ಪ್ರಾಣವು ಅವನ ಸ್ವತ್ತಲ್ಲವಷ್ಟೆ.

ಈ ವಿಂಗಡಣೆಯು ತಂದೆಯಿಂದಲೂ ಒಂದು ತಪಸ್ಸನ್ನು ಬೇಡುತ್ತದೆ. ಗಾಡಿಯ ಅಡಿಯನ್ನು ಬಗ್ಗಿ ನೋಡಬೇಕು. ತನಗೆ ತಿಳಿಯದಿದ್ದರೆ ತಿಳಿದ ಮೆಕ್ಯಾನಿಕ್ಕನ್ನು ಕರೆತರಬೇಕು. ಸಂಜೆಯ ಹೊತ್ತು ದೀಪ ಹಿಡಿದು ನಿಲ್ಲಬೇಕು. ಮಗನ ಆಯ್ಕೆ ತನ್ನ ರುಚಿಗೆ ಒಪ್ಪದಿದ್ದಾಗ ನಾಲಗೆಯನ್ನು ಕಚ್ಚಿಕೊಳ್ಳಬೇಕು. ಗೀತೆಯ ಹದಿಮೂರನೆಯ ಅಧ್ಯಾಯದಲ್ಲಿ ದೇಹದಲ್ಲಿರುವ ಪರಮಪುರುಷನನ್ನು ವರ್ಣಿಸುವಾಗ ಉಪದ್ರಷ್ಟೃ, ಅನುಮಂತೃ ಎಂಬ ಎರಡು ಪದಗಳು ಒಂದರ ಪಕ್ಕದಲ್ಲೊಂದು ಬಂದಿವೆ: ಸಮೀಪದಲ್ಲಿದ್ದು ನೋಡುವವನು, ಅನುಮತಿಸುವವನು. ಮನೆಯ ಹಿರಿಯನಿಗೆ ಇದರಿಂದ ದೊರೆಯುವ ಪಾಠ ಸ್ಪಷ್ಟವಾಗಿದೆ. ಹತ್ತಿರ ನಿಂತು ನೋಡಲು ಸಿದ್ಧನಿಲ್ಲದವನಿಗೆ ಅನುಮತಿಸುವ ಅಧಿಕಾರವೂ ಇಲ್ಲ.

ಬೇಡುವವನಿಗೂ ಧರ್ಮವುಂಟು. ತುಕ್ಕನ್ನು ಕಂಡೂ ಹೇಳದೆ, ಬೆಲೆಯನ್ನು ಕಡಮೆ ಹೇಳಿ, ವಿಮೆಯ ಖರ್ಚನ್ನು ಮರೆಮಾಚಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ತಂದೆಯು ಒಪ್ಪಿದ್ದು ಬೇರೊಂದು ಗಾಡಿಗೆ. ಮಗನು ತಂದದ್ದು ಬೇರೊಂದನ್ನು. ಸತ್ಯವನ್ನು ಪೂರ್ಣವಾಗಿ ಮುಂದಿಟ್ಟು ಕೇಳಿದ ಮಗನು, ನಿರಾಕರಣೆಯನ್ನು ಪಡೆದರೂ, ಅರ್ಧ ದೊಡ್ಡವನಾದನೆಂದೇ ತಿಳಿಯಬೇಕು.

ಬೆಲೆಯಲ್ಲಿ ಅಗ್ಗವಾದ ಗಾಡಿ ಸಿಕ್ಕೀತು. ಅಗ್ಗವಾದ ಅನುಮತಿ ಎಲ್ಲಿಯೂ ಇಲ್ಲ. ಆಗಲಿ ಎಂದವನು, ಮಗನ ಕೈ ನೆಲೆಗೊಳ್ಳುವವರೆಗೆ, ಅವನ ಪಕ್ಕದಲ್ಲಿ ನಿಲ್ಲುವ ಸಾಲವನ್ನು ತೀರಿಸಲೇಬೇಕು.