ಮೇಲಧಿಕಾರಿಯು ಗುರುವಾಗುವುದು ಎಂತು?

ಮನುಷ್ಯನು ತನ್ನ ಪ್ರೌಢ ವಯಸ್ಸಿನ ಬಹುಭಾಗವನ್ನು ಉದ್ಯೋಗದ ಸ್ಥಳದಲ್ಲಿಯೇ ಕಳೆಯುತ್ತಾನೆ. ಮನೆಯಲ್ಲಿ ತಂದೆತಾಯಿಗಳೂ ಪಾಠಶಾಲೆಯಲ್ಲಿ ಅಧ್ಯಾಪಕರೂ ತಿದ್ದಿದ ಬುದ್ಧಿಯು ಮುಂದಿನ ಮೂವತ್ತು ವರ್ಷಗಳ ಕಾಲ ಯಾರ ಕೈಯಲ್ಲಿ ಪಳಗಬೇಕು? ಬಹುಮಟ್ಟಿಗೆ ಕಚೇರಿಯ ಮೇಲಧಿಕಾರಿಯ ಕೈಯಲ್ಲಿಯೇ. ಆದುದರಿಂದ ಮೇಲಧಿಕಾರಿಯು ಯಾವಾಗ ಮಾರ್ಗದರ್ಶಕನೂ ಆಗುತ್ತಾನೆ ಎಂಬ ಪ್ರಶ್ನೆಯು ಕೇವಲ ಲೌಕಿಕವೆಂದು ತಳ್ಳಿಹಾಕತಕ್ಕದ್ದಲ್ಲ. ನಮ್ಮ ಮನೆಗಳ ತರುಣ ತರುಣಿಯರು ಊರಿನಲ್ಲಿಯೂ ಪರದೇಶಗಳಲ್ಲಿಯೂ ಉದ್ಯೋಗಸ್ಥರಾಗಿರುವ ಈ ಕಾಲದಲ್ಲಿ ಇದು ಎಲ್ಲರ ಮನೆಯ ಪ್ರಶ್ನೆ.

ಮೊದಲು ಪೂರ್ವಪಕ್ಷವನ್ನು ನೋಡೋಣ. ಅಧಿಕಾರಿಯು ಕೆಲಸ ಮಾಡಿಸುವವನು, ಗುರುವು ವಿದ್ಯೆ ಕೊಡುವವನು. ಅಧಿಕಾರಿಗೆ ಬೇಕಾದುದು ತಿಂಗಳ ಕೊನೆಯ ಲೆಕ್ಕ, ಗುರುವಿಗೆ ಬೇಕಾದುದು ಶಿಷ್ಯನ ಏಳಿಗೆ. ಸಂಬಳದ ಸಂಬಂಧದಲ್ಲಿ ಗುರುಭಾವವನ್ನು ಹುಡುಕುವುದು ಮರಳಿನಿಂದ ಎಣ್ಣೆ ಹಿಂಡಿದಂತೆ ಎಂದು ಕೆಲವರು ಹೇಳುವರು. ಮತ್ತೆ ಕೆಲವರು, ಮೃದುವಾಗಿ ಮಾತನಾಡಿ, ಕೇಳಿದಾಗ ರಜೆ ಕೊಟ್ಟು, ತಪ್ಪನ್ನು ಕಂಡೂ ಕಾಣದಂತಿರುವವನೇ ಉತ್ತಮ ಅಧಿಕಾರಿ ಎನ್ನುವರು. ಈ ಎರಡು ಮಾತುಗಳೂ ಸಮಂಜಸವಲ್ಲವೆಂಬುದನ್ನು ಒಂದು ದೃಷ್ಟಾಂತದಿಂದ ವಿಚಾರಿಸೋಣ.

1979ನೆಯ ಇಸವಿ ಆಗಸ್ಟ್ 10ರಂದು ಶ್ರೀಹರಿಕೋಟೆಯಿಂದ ಎಸ್.ಎಲ್.ವಿ.-3 ಎಂಬ ವಾಹಕವು ಮೊದಲ ಬಾರಿಗೆ ಮೇಲೇರಿತು. ಆ ಯೋಜನೆಯ ನಿರ್ದೇಶಕರು ಡಾ. ಅಬ್ದುಲ್ ಕಲಾಂ. ಅವರ ಮೇಲಧಿಕಾರಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರೂ ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರೂ ಆಗಿದ್ದ ಪ್ರೊ. ಸತೀಶ್ ಧವನ್. ಉಡ್ಡಯನಕ್ಕೆ ಮೊದಲು ಗಣಕಯಂತ್ರವು ತಡೆಯೊಡ್ಡಿದಾಗ, ತಜ್ಞರ ಸಲಹೆಯನ್ನು ನಂಬಿ ಅದನ್ನು ಮೀರಿ ಮುಂದುವರಿಯುವ ತೀರ್ಮಾನ ಮಾಡಿದವರು ತಾವೇ ಎಂದು ಕಲಾಂ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆ ಕೆಟ್ಟು, ವಾಹಕವು ಕೆಲವೇ ನಿಮಿಷಗಳಲ್ಲಿ ಬಂಗಾಳ ಕೊಲ್ಲಿಯ ಪಾಲಾಯಿತು.

ಅಂದು ಪತ್ರಿಕೆಯವರ ಎದುರು ನಿಂತವರು ಧವನ್. ತೀರ್ಮಾನ ಕೈಕೆಳಗಿನವರದು, ಆದರೆ ಹೊಣೆ ತಮ್ಮದೆಂದು ಅವರು ಹೊತ್ತುಕೊಂಡರು. ತಮ್ಮವರಲ್ಲಿ ತಮಗೆ ಪೂರ್ಣ ವಿಶ್ವಾಸವಿದೆಯೆಂದು ತಿಳಿಸಿದರು. ವರ್ಷವೊಂದು ತುಂಬುವುದರೊಳಗೆ, 1980ರ ಜುಲೈ 18ರಂದು, ಅದೇ ಮಾದರಿಯ ವಾಹಕವು 35 ಕಿಲೋಗ್ರಾಂ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಅಂದು ಧವನ್ ಅವರು ಪತ್ರಿಕೆಯವರ ಮುಂದೆ ಕಲಾಂ ಅವರನ್ನೇ ಕಳುಹಿಸಿದರು. ಕಲಾಂ ಅವರು ರಾಷ್ಟ್ರಪತಿಗಳಾದ ಮೇಲೂ ಈ ವೃತ್ತಾಂತವನ್ನು ಸಭೆಸಭೆಗಳಲ್ಲಿ ಹೇಳುತ್ತಿದ್ದರು. ದೇಶದ ಅತ್ಯುನ್ನತ ಪೀಠದಲ್ಲಿದ್ದವರು ತಮ್ಮ ಹಳೆಯ ಮೇಲಧಿಕಾರಿಯನ್ನು ಅಷ್ಟು ವರ್ಷಗಳ ಬಳಿಕ ಸ್ಮರಿಸಿದರೆಂದರೆ, ಆ ಸಂಬಂಧವು ಸಂಬಳದಲ್ಲಿ ಮುಗಿಯುವಂಥದಾಗಿರಲಿಲ್ಲ. ಮೊದಲನೆಯ ಪೂರ್ವಪಕ್ಷಕ್ಕೆ ಇದೇ ಉತ್ತರ.

ಆದರೆ ಇಲ್ಲೊಂದು ಶಂಕೆ ಏಳುತ್ತದೆ. ಹೀಗೆ ಹೊಣೆಯನ್ನು ಹೊತ್ತುಕೊಳ್ಳುವುದು ಕೈಕೆಳಗಿನವನ ತಪ್ಪನ್ನು ಮುಚ್ಚಿಟ್ಟಂತಾಗುವುದಿಲ್ಲವೆ? ಆಗುವುದಿಲ್ಲ. ಹೊರಗೆ ಧವನ್ ಅಡ್ಡ ನಿಂತರು ನಿಜ. ಒಳಗೆ ಮಾತ್ರ ವಿಚಾರಣೆ ನಡೆಯದೆ ಇರಲಿಲ್ಲ. ತಜ್ಞರು ಕುಳಿತು ಪ್ರತಿಯೊಂದು ಅಂಗವನ್ನೂ ಪರಿಶೀಲಿಸಿ, ಆಮ್ಲವು ಸೋರಿಹೋದುದೇ ಕಾರಣವೆಂದು ಕಂಡುಹಿಡಿದರು. ಆ ಪರಿಶೀಲನೆ ಇಲ್ಲದೆ ಮರುವರ್ಷದ ಯಶಸ್ಸು ಇಲ್ಲ. ವ್ಯಕ್ತಿಯನ್ನು ಹೊರಗಿನವರ ಬಾಯಿಗೆ ಕೊಡದಿರುವುದು ಬೇರೆ, ದೋಷವನ್ನು ಕಾಣದಿರುವುದು ಬೇರೆ. ಈ ಭೇದವನ್ನು ಅರಿಯದ ಅಧಿಕಾರಿಯು ಒಂದೋ ಕ್ರೂರಿಯಾಗುತ್ತಾನೆ, ಇಲ್ಲವೆ ಕೇವಲ ಮೃದುವಾಗುತ್ತಾನೆ. ಎರಡರಿಂದಲೂ ಕೈಕೆಳಗಿನವನು ಕಲಿಯುವುದಿಲ್ಲ.

ಇನ್ನೊಂದು ದೃಷ್ಟಾಂತವು ನಮಗೆ ಹತ್ತಿರದ್ದು. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ತರುಣರನ್ನು ಕೂಡಿಸಿಕೊಂಡು ಆರ್ಯಭಟ ಉಪಗ್ರಹವನ್ನು ಸಿದ್ಧಪಡಿಸಿದರು. 1975ರ ಏಪ್ರಿಲ್ 19ರಂದು ಅದು ಕಕ್ಷೆ ಸೇರಿತು. 1984ರಲ್ಲಿ ಅವರು ಅಧ್ಯಕ್ಷರಾದರು. ಅವರ ಅವಧಿಯಲ್ಲಿ 1987ರಲ್ಲಿಯೂ 1988ರಲ್ಲಿಯೂ ಎ.ಎಸ್.ಎಲ್.ವಿ. ವಿಫಲವಾಯಿತು; 1993ರ ಸೆಪ್ಟೆಂಬರಿನಲ್ಲಿ ಪಿ.ಎಸ್.ಎಲ್.ವಿ.ಯ ಮೊದಲ ಉಡ್ಡಯನವೂ ವಿಫಲವಾಯಿತು. ಆ ವಾಹಕದ ಮೊದಲ ಯಶಸ್ಸು 1994ರ ಅಕ್ಟೋಬರಿನಲ್ಲಿ ಬಂದಾಗ ಅಧ್ಯಕ್ಷ ಪೀಠದಲ್ಲಿ ಡಾ. ಕಸ್ತೂರಿರಂಗನ್ ಇದ್ದರು. ಮರ ನೆಟ್ಟವರ ಕಾಲದಲ್ಲಿಯೇ ಹಣ್ಣಾಗಬೇಕೆಂಬ ನಿಯಮವಿಲ್ಲ. ಹಣ್ಣು ಇನ್ನೊಬ್ಬರ ಕಾಲದಲ್ಲಿ ಬಂದೀತೆಂದು ತಿಳಿದೂ ನೀರೆರೆಯಬಲ್ಲವನೇ ಮಾರ್ಗದರ್ಶಕನಾಗಬಲ್ಲನು.

ದೊಡ್ಡವರ ಮಾತು ಹಾಗಿರಲಿ. ಅರ್ಚಕರ ಮನೆಯಲ್ಲಿ ಹುಟ್ಟಿ, ಪಾಠಶಾಲೆಯಲ್ಲಿ ಕಲಿತು, ಬಳಿಕ ಬಿ.ಎ. ಮುಗಿಸಿ ನಾವು ಒಂದು ಕಚೇರಿಗೆ ಸೇರಿದೆವು. ಮೊದಲ ವರ್ಷವೇ ಒಂದು ಬಾಬಿನ ಮೊತ್ತವನ್ನು ಇನ್ನೊಂದು ಬಾಬಿಗೆ ಸೇರಿಸಿಬಿಟ್ಟಿದ್ದೆವು. ಲೆಕ್ಕತನಿಖೆಯವರು ಪ್ರಶ್ನಿಸಿದಾಗ ನಮ್ಮ ಮೇಲಧಿಕಾರಿಗಳು, "ಸಹಿ ನನ್ನದು, ನಾನು ನೋಡಿಕೊಳ್ಳಬೇಕಿತ್ತು" ಎಂದಷ್ಟೇ ಹೇಳಿದರು. ನಮ್ಮ ಹೆಸರು ಅವರ ಬಾಯಿಯಿಂದ ಬರಲಿಲ್ಲ. ಸಂಜೆ ಎಲ್ಲರೂ ಹೋದ ಮೇಲೆ ನಮ್ಮನ್ನು ಕರೆದು, "ಆಚಾರ್ರೇ, ಹೊರಗೆ ತಪ್ಪು ನನ್ನದು. ಒಳಗೆ ಅದು ಎಲ್ಲಿ ಹುಟ್ಟಿತೆಂದು ನೀವೇ ಹುಡುಕಿ ತೋರಿಸಬೇಕು" ಎಂದರು. ಮೂರು ಸಂಜೆ ಹುಡುಕಿದೆವು. ಮೂರು ಸಂಜೆಯೂ ಅವರು ಮನೆಗೆ ಹೋಗದೆ ಪಕ್ಕದಲ್ಲಿಯೇ ಕುಳಿತಿದ್ದರು. ಪಾಠಶಾಲೆಯಲ್ಲಿ ಸ್ವರ ತಪ್ಪಿದಾಗ, ಸರಿಯಾಗುವವರೆಗೆ ಊಟಕ್ಕೆ ಏಳದೆ ಕುಳಿತಿರುತ್ತಿದ್ದ ನಮ್ಮ ಅಧ್ಯಾಪಕರ ನೆನಪು ಆಗ ಬಂದಿತು.

ಇಷ್ಟನ್ನು ಕಂಡ ನಾವು ನಮ್ಮ ಸರದಿ ಬಂದಾಗ ಏನು ಮಾಡಿದೆವು? ನಮ್ಮ ಕೈಕೆಳಗೆ ಒಬ್ಬ ತರುಣರು ಬಂದರು. ಅವರು ಸಿದ್ಧಪಡಿಸಿದ ಪಟ್ಟಿಯೊಂದರಲ್ಲಿ ತಪ್ಪು ನುಸುಳಿತ್ತು. ನಾವು ನೋಡದೆ ಸಹಿ ಹಾಕಿದ್ದೆವು. ಮೇಲಿನಿಂದ ವಿವರಣೆ ಕೇಳಿದಾಗ ನಾವು ಅವರ ಹೆಸರನ್ನು ಬರೆದು ಕಳುಹಿಸಿದೆವು. ಬರೆದುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಅಂದಿನಿಂದ ಆ ತರುಣರು ನಮ್ಮ ಬಳಿಗೆ ಸಂದೇಹ ಕೇಳಲು ಬರಲಿಲ್ಲ. ಹೇಳಿದ ಕೆಲಸವನ್ನು ಹೇಳಿದಷ್ಟೇ ಮಾಡುತ್ತಿದ್ದರು. ಕೆಲವು ತಿಂಗಳುಗಳ ಬಳಿಕ ನಾವೇ ಅವರ ಮೇಜಿನ ಬಳಿಗೆ ಹೋಗಿ, ಸಹಿ ನಮ್ಮದಾಗಿತ್ತು, ನಾವು ಹಾಗೆ ಬರೆಯಬಾರದಿತ್ತು ಎಂದು ಹೇಳಿದೆವು. ಅವರು ಎದ್ದು ನಿಂತು, "ಇರಲಿ ಸರ್" ಎಂದರು. ಕ್ಷಮೆ ದೊರೆಯಿತು, ಮೊದಲಿನ ವಿಶ್ವಾಸ ಇನ್ನೂ ಪೂರ್ತಿಯಾಗಿ ದೊರೆತಿಲ್ಲ.

ಆದುದರಿಂದ ಸಿದ್ಧಾಂತವಿಷ್ಟು. ಬೋಧನೆ ಮಾಡಿದ ಮಾತ್ರಕ್ಕೆ ಅಧಿಕಾರಿಯು ಗುರುವಾಗುವುದಿಲ್ಲ, ಮೃದುತ್ವದಿಂದಲೂ ಆಗುವುದಿಲ್ಲ. ಅಪಯಶಸ್ಸಿನ ದಿನ ಮುಂದೆ ನಿಂತು, ಯಶಸ್ಸಿನ ದಿನ ಹಿಂದೆ ಸರಿದು, ಇವೆರಡರ ನಡುವಿನ ದಿನಗಳಲ್ಲಿ ತಪ್ಪನ್ನು ತಿದ್ದಲು ಪಕ್ಕದಲ್ಲಿ ಕುಳಿತುಕೊಳ್ಳುವವನು ಗುರುವಾಗುತ್ತಾನೆ. ಪ್ರಶ್ನೆ ಕೇಳಲು ಹೆದರುವವನಿಗೆ ಯಾರೂ ಏನನ್ನೂ ಕಲಿಸಲಾರರು; ಆ ಹೆದರಿಕೆಯನ್ನು ಹುಟ್ಟಿಸಲು ಒಂದು ಕಾಗದ ಸಾಕು, ಹೋಗಲಾಡಿಸಲು ವರ್ಷಗಳು ಬೇಕು. ಅಧಿಕಾರದಲ್ಲಿರುವ ನಮ್ಮ ಸಜ್ಜನ ಬಂಧುಗಳು ಮುಂದಿನ ಬಾರಿ ಅಂಥ ಕಾಗದಕ್ಕೆ ಲೇಖನಿಯನ್ನು ಎತ್ತಿಕೊಳ್ಳುವ ಮೊದಲು, ಅದರಲ್ಲಿ ಮೊದಲು ಯಾರ ಹೆಸರನ್ನು ಬರೆಯತಕ್ಕದ್ದೆಂದು ಒಂದು ಕ್ಷಣ ಆಲೋಚಿಸಲಿ ಎಂಬುದು ನಮ್ಮ ವಿನಮ್ರ ಪ್ರಾರ್ಥನೆ.