ಮಾತಾಡಿದವರ ಹೆಸರು

ಮೇಷ್ಟ್ರು ಹೊರಗೆ ಹೋಗುವಾಗ ಕ್ಲಾಸ್ ಲೀಡರ್ ಕೈಗೆ ಸೀಮೆಸುಣ್ಣ ಕೊಟ್ಟು ಹೋಗುತ್ತಾರೆ. ಅವನು ಕರಿಹಲಗೆಯ ಮೂಲೆಯಲ್ಲಿ ‘ಮಾತಾಡಿದವರು’ ಎಂದು ಬರೆದು ಕೆಳಗೊಂದು ಗೆರೆ ಎಳೆಯುತ್ತಾನೆ. ಪಿಸುಗುಟ್ಟಿದವರ ಹೆಸರು ಅಲ್ಲಿ ಏರುತ್ತದೆ. ಮತ್ತೆ ಬಾಯಿಬಿಟ್ಟರೆ ಹೆಸರಿನ ಪಕ್ಕ ಒಂದು ಇಂಟು ಮಾರ್ಕು. ಗೆಳೆಯನ ಹೆಸರಾದರೆ ಮೇಷ್ಟ್ರ ಚಪ್ಪಲಿ ಸದ್ದು ಕೇಳುತ್ತಲೇ ಅಂಗೈಯಿಂದ ಒರೆಸಿಬಿಡುತ್ತಾನೆ. ಕನ್ನಡ ಶಾಲೆಯಲ್ಲಿ ಓದಿದವರಿಗೆ ಈ ದೃಶ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿ ನಾಯಕತ್ವದ ತರಗತಿಯನ್ನು ಮೊದಲ ಸಲ ತೆಗೆದುಕೊಳ್ಳುವ ಶಿಕ್ಷಕಿ ಈ ಮೂಲೆಯನ್ನು ಮರೆಯಬಾರದು. ಮಕ್ಕಳು ಏನೂ ತಿಳಿಯದೆ ಬಂದು ಕೂತಿಲ್ಲ. ಅಧಿಕಾರ ಮೇಲಿನಿಂದ ಬರುತ್ತದೆ, ಲೆಕ್ಕ ಒಪ್ಪಿಸಬೇಕಾದ್ದು ಕೊಟ್ಟವರಿಗೆ, ಜೊತೆಗೆ ಕೂತವರಿಗಲ್ಲ ಎಂಬ ಪಾಠ ಆಗಲೇ ಮುಗಿದಿದೆ. ‘ನಾಯಕನಲ್ಲಿ ಯಾವ ಗುಣಗಳಿರಬೇಕು?’ ಎಂದು ಕೇಳಿದರೆ ಧೈರ್ಯ, ಶಿಸ್ತು, ಪ್ರಾಮಾಣಿಕತೆ ಎಂದು ಒಂದೇ ಉಸಿರಿಗೆ ಹೇಳಿ, ಬರೆದುಕೊಳ್ಳಲು ನೋಟ್‌ಬುಕ್ ತೆರೆಯುತ್ತಾರೆ.

ಗುಣವನ್ನು ಕಲಿಸಲು ಬರುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಪ್ಲೇಟೋನ ‘ಮೆನೋ’ ಸಂವಾದದಲ್ಲಿ ಸಾಕ್ರಟೀಸ್ ಅಥೆನ್ಸಿನ ದೊಡ್ಡ ನಾಯಕ ಥೆಮಿಸ್ಟೊಕ್ಲಿಸನ ಮಗನ ಉದಾಹರಣೆ ಕೊಡುತ್ತಾನೆ. ಆ ಹುಡುಗ ಕುದುರೆಯ ಬೆನ್ನ ಮೇಲೆ ನಿಂತು ಸವಾರಿ ಮಾಡುವುದನ್ನೂ, ಅಲ್ಲಿಂದಲೇ ಈಟಿ ಎಸೆಯುವುದನ್ನೂ ಕಲಿತಿದ್ದ. ಆದರೆ ಅಪ್ಪನ ವಿವೇಕ ಅವನಿಗೆ ಬಂತೆಂದು ಊರಿನಲ್ಲಿ ಒಬ್ಬರೂ ಹೇಳಲಿಲ್ಲ. ವೇದಿಕೆಯಲ್ಲಿ ಅಳುಕದೆ ಮಾತಾಡುವುದು, ಗುಂಪು ಆಟ, ಸಮಯ ಪಾಲನೆ ಎಂದು ಇವತ್ತಿನ ನಾಯಕತ್ವ ಶಿಬಿರಗಳು ಕಲಿಸುವುದು ಬಹುಮಟ್ಟಿಗೆ ಈ ಕುದುರೆ ಸವಾರಿಯನ್ನೇ. ಅದು ಬೇಡವೆಂದಲ್ಲ. ಆದರೆ ಹೆಸರು ಬರೆಯುವ ಹುಡುಗನಿಗೆ ಅಷ್ಟರಿಂದ ನ್ಯಾಯದ ಅಳುಕು ಹುಟ್ಟುವುದಿಲ್ಲ.

ಅದು ಹುಟ್ಟಬೇಕಾದರೆ ಶಿಕ್ಷಕಿ ತನ್ನ ಅಧಿಕಾರದಲ್ಲಿ ಒಂದು ಪಾಲನ್ನು ನಿಜವಾಗಿ ಬಿಟ್ಟುಕೊಡಬೇಕು. ಇದನ್ನು ಮಾಡಿ ತೋರಿಸಿದವನು ಪೋಲೆಂಡಿನ ಮಕ್ಕಳ ವೈದ್ಯ ಯಾನುಶ್ ಕೊರ್ಚಾಕ್. 1912ರಿಂದ ವಾರ್ಸಾದಲ್ಲಿ ಅವನು ನಡೆಸಿದ ಅನಾಥಾಲಯದಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು. ಆ ವಾರ ಯಾರ ಮೇಲೆ ದೂರಿಲ್ಲವೋ ಅಂಥ ಮಕ್ಕಳಲ್ಲಿ ಚೀಟಿ ಎತ್ತಿ ನ್ಯಾಯಾಧೀಶರನ್ನು ಆರಿಸುತ್ತಿದ್ದರು. ಆ ನ್ಯಾಯಾಲಯದ ಸಂಹಿತೆಯ ಮೊದಲ 99 ಕಲಮುಗಳೂ ಬಿಡುಗಡೆ ಅಥವಾ ಕ್ಷಮೆಯವು. ತಪ್ಪಿತಸ್ಥನೆಂಬ ಮಾತು ಬರುವುದೇ 100ರಿಂದ ಆಚೆಗೆ. ಅರ್ಧ ವರ್ಷದಲ್ಲಿ ಕೊರ್ಚಾಕ್ ಐದು ಸಲ ತನ್ನ ಮೇಲೆ ತಾನೇ ದೂರು ಕೊಟ್ಟುಕೊಂಡ. ಒಮ್ಮೆ ಹುಡುಗನ ಕಿವಿಗೆ ಬಾರಿಸಿದ್ದ, ಇನ್ನೊಮ್ಮೆ ಒಬ್ಬ ಹುಡುಗಿಯನ್ನು ಕಳ್ಳಿಯೆಂದು ಶಂಕಿಸಿದ್ದ. ಎಳೆಯ ನ್ಯಾಯಾಧೀಶರ ಮುಂದೆ ನಿಂತ ಆ ಹಿರಿಯನಿಂದ ಮಕ್ಕಳು ಕಲಿತದ್ದನ್ನು ಯಾವ ಪಠ್ಯಪುಸ್ತಕ ಕಲಿಸೀತು?

ನಮ್ಮ ನೆಲದಲ್ಲೂ ಇದಕ್ಕೆ ಬೇರಿದೆ. ದುಡಿಯುವ ಮಕ್ಕಳ ‘ಭೀಮ ಸಂಘ’ 1990ರಲ್ಲಿ ಹುಟ್ಟಿತು. ಅದರ ಮುಂದಿನ ಹೆಜ್ಜೆಯಾಗಿ 1995ರಲ್ಲಿ ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ಶುರುವಾದವು. ಮಕ್ಕಳೇ ಮತ ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ದೊಡ್ಡವರಲ್ಲಿ ತಮಗೆ ನಂಬಿಕೆಯಿದ್ದ ಒಬ್ಬರನ್ನು ‘ಮಕ್ಕಳ ಮಿತ್ರ’ ಎಂದೂ ಆರಿಸಿಕೊಂಡರು. ಆ ಕಡೆಯ ಕೆರಾಡಿಯಂಥ ಊರಿನಲ್ಲಿ ಮಳೆಗಾಲ ಬಂತೆಂದರೆ ಹಳ್ಳ ತುಂಬಿ ಶಾಲೆಯ ದಾರಿ ಕಡಿಯುತ್ತದೆ. ಕಾಲುಸಂಕ ಬೇಕೆಂದು ಕೇಳುವ ಮಗುವಿಗೆ ಅದು ಭಾಷಣದ ವಿಷಯವಲ್ಲ, ನಾಳೆ ಬೆಳಿಗ್ಗೆ ದಾಟಬೇಕಾದ ನೀರು. ಎಷ್ಟು ಮಕ್ಕಳು, ಯಾವ ಮನೆಯವರು, ಎಷ್ಟು ದಿನ ಶಾಲೆ ತಪ್ಪುತ್ತದೆ ಎಂದು ಲೆಕ್ಕ ಹಿಡಿದು ಹೋಗದಿದ್ದರೆ ಪಂಚಾಯಿತಿ ಕಿವಿಗೊಡುವುದಿಲ್ಲ. ತಮ್ಮ ಜೊತೆಯವರ ಕಷ್ಟವನ್ನು ಕೇಳಿ, ಅಳೆದು, ಅವರ ಪರವಾಗಿ ಎದ್ದು ನಿಲ್ಲುವ ಅಭ್ಯಾಸ ಅಲ್ಲಿ ಬೆಳೆಯಿತು. ನಮ್ಮ ಬಹುತೇಕ ಶಾಲಾ ಸಂಸತ್ತುಗಳಲ್ಲಿ ಚುನಾವಣೆ ಸೊಗಸಾಗಿ ನಡೆಯುತ್ತದೆ, ಬೆರಳಿಗೆ ಶಾಯಿಯೂ ಬೀಳುತ್ತದೆ. ಪ್ರಮಾಣವಚನ ಮುಗಿದ ಮೇಲೆ ಆಹಾರ ಮಂತ್ರಿಗೆ ಬಿಸಿಯೂಟದ ಸಾಲನ್ನು ಕಾಯುವುದು ಬಿಟ್ಟರೆ ಬೇರೇನೂ ಉಳಿಯುವುದಿಲ್ಲ. ಇದು ನೋವಿನ ಸಂಗತಿ.

ಹಾಗಾದರೆ ಎಲ್ಲವನ್ನೂ ಮಕ್ಕಳಿಗೆ ಒಪ್ಪಿಸಿ ಕೈತೊಳೆದುಕೊಳ್ಳುವುದೇ? ಈ ಆಕ್ಷೇಪದಲ್ಲಿ ಹುರುಳಿದೆ. ಮನೋವಿಜ್ಞಾನಿ ಕರ್ಟ್ ಲೆವಿನ್ ಮತ್ತು ಸಂಗಡಿಗರು ಅಮೆರಿಕದ ಅಯೋವಾದಲ್ಲಿ ಹುಡುಗರ ಕರಕುಶಲ ಕೂಟಗಳನ್ನು ಗಮನಿಸಿ 1939ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಆ ಪ್ರಯೋಗಗಳಲ್ಲಿ, ಅಪ್ಪಣೆ ಕೊಡುವ ಹಿರಿಯ ಕೋಣೆಯಿಂದ ಹೊರಗೆ ಹೋದರೆ ಕೆಲಸ ನಿಲ್ಲುತ್ತಿತ್ತು. ಕೂಡಿ ತೀರ್ಮಾನಿಸಿದ ಕೂಟದಲ್ಲಿ ಅದು ಮುಂದುವರಿಯುತ್ತಿತ್ತು. ಹಿರಿಯ ಸುಮ್ಮನೆ ಬಿಟ್ಟ ಕೂಟದಲ್ಲಿ ಮಾತ್ರ ಕೆಲಸವೂ ಸಾಗಲಿಲ್ಲ, ಹುಡುಗರಿಗೆ ನೆಮ್ಮದಿಯೂ ಇರಲಿಲ್ಲ. ಕೊರ್ಚಾಕನ ನ್ಯಾಯಾಲಯವನ್ನೂ ಕೆಲಕಾಲ ನಿಲ್ಲಿಸಿ, ತಿದ್ದಿ, ಮತ್ತೆ ತೆರೆಯಬೇಕಾಯಿತು. ಬಿಟ್ಟುಕೊಡುವವರು ಪಕ್ಕದಲ್ಲೇ ಇರಬೇಕು. ಯಾವುದು ನಿಮ್ಮ ತೀರ್ಮಾನ, ಯಾವುದು ನನ್ನದು ಎಂದು ಮೊದಲ ದಿನವೇ ಬಿಚ್ಚಿ ಹೇಳಬೇಕು. ಹೇಳಿದ ಮೇಲೆ, ತನಗೆ ಹಿಡಿಸದ ತೀರ್ಮಾನ ಬಂದಾಗಲೂ ಮಾತಿಗೆ ತಪ್ಪಬಾರದು.

ಮೊದಲ ಸಲ ಕಲಿಸುವವಳಿಗೆ ಇಲ್ಲೊಂದು ಅನುಕೂಲವಿದೆ. ಹಳೆಯ ನೋಟ್ಸ್ ಇಲ್ಲ, ಆದ್ದರಿಂದ ಉತ್ತರ ಮೊದಲೇ ಗೊತ್ತಿರುವಂತೆ ನಟಿಸಬೇಕಾಗಿಲ್ಲ. ಗುಣಗಳ ಪಟ್ಟಿಯನ್ನು ಬದಿಗಿಟ್ಟು ಅವಳು ಕರಿಹಲಗೆಯ ಆ ಮೂಲೆಯಿಂದಲೇ ಶುರುಮಾಡಬಹುದು. ಹೆಸರು ಬರೆಯುವ ಪದ್ಧತಿ ಇರಬೇಕೋ ಬೇಡವೋ? ಇದ್ದರೆ ಬರೆದವನು ತಪ್ಪು ಬರೆದಾಗ ಯಾರಿಗೆ ಹೇಳಿಕೊಳ್ಳುವುದು? ನಲವತ್ತು ನಿಮಿಷದ ಪೀರಿಯಡ್ ಇದಕ್ಕೇ ಹೋದರೂ ಹೋಗಲಿ. ಹಿಂದಿನ ಬೆಂಚಿನಿಂದ ಯಾರಾದರೂ ಎದ್ದು, ಟೀಚರ್ ತಡವಾಗಿ ಬಂದರೆ ಅವರ ಹೆಸರನ್ನೂ ಬರೆಯಬಹುದೇ ಎಂದು ಕೇಳಿದರೆ, ಅವಳು ಸೀಮೆಸುಣ್ಣವನ್ನು ಆ ಮಗುವಿನ ಕೈಗೆ ಕೊಟ್ಟು ಬೆಂಚಿನಲ್ಲಿ ಕೂತು ಚರ್ಚೆ ಕೇಳಲಿ.