ಕೀಲಿ ಯಾರಲ್ಲಿ, ಒಡೆತನ ಯಾರದು?

ಶಾಲೆಯ ಪುಸ್ತಕದ ಕಪಾಟಿನ ಬೀಗದ ಕೈಯನ್ನು ನಾವು ತರಗತಿಯ ಮುಖಂಡನಿಗೆ ಒಪ್ಪಿಸುವುದುಂಟು. ಅಷ್ಟರಿಂದಲೇ ಪುಸ್ತಕಗಳು ಅವನವಾಗುವುದಿಲ್ಲ. ಎಳೆಯ ಮಗುವೂ ಬಲ್ಲ ಈ ಮಾತು ಇಂದಿನ ವಾಣಿಜ್ಯ ನ್ಯಾಯಕ್ಕೆ ಕಠಿನ ಪ್ರಶ್ನೆಯಾಗಿದೆ.

ಬಿಟ್‌ಕಾಯಿನ್, ಈಥರ್ ಮೊದಲಾದವು ಕೈಗೆ ಸಿಕ್ಕುವ ನಾಣ್ಯಗಳಲ್ಲ. ಡಿಜಿಟಲ್ ವಾಲೆಟ್ ಎಂಬ ಚೀಲದಲ್ಲಿರುವುದು ಅವುಗಳನ್ನು ಸಾಗಿಸಬಲ್ಲ ಗುಪ್ತ ಸಂಖ್ಯೆ ಮಾತ್ರ. ಅದನ್ನು ಬಲ್ಲವನು ಸಾಗಿಸಬಲ್ಲನು. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬುದೋ ತಾನಾಗಿ ನೆರವೇರುವ ಕರಾರು. ಷರತ್ತು ಕೂಡಿದೊಡನೆ ಗಣಕವು ಹಣವನ್ನು ಸಾಗಿಸುತ್ತದೆ. 'ತುಸು ತಾಳು' ಎಂದರೆ ಕೇಳಲು ಅದಕ್ಕೆ ಕಿವಿಯಿಲ್ಲ.

2016ರ ಜೂನ್ ತಿಂಗಳಲ್ಲಿ 'ದಿ ಡಿಎಒ' ಎಂಬ ಸಾಮೂಹಿಕ ನಿಧಿಯ ಕರಾರಿನಲ್ಲಿದ್ದ ದೋಷವನ್ನು ಹಿಡಿದು ಯಾರೋ ಸುಮಾರು 36 ಲಕ್ಷ ಈಥರ್‌ಗಳನ್ನು ಸೆಳೆದುಕೊಂಡರು. 'ಬರಹವೇ ಅನುಮತಿಸಿದಾಗ ಕಳವೆಲ್ಲಿ?' ಎಂದು ಕೆಲವರು ವಾದಿಸಿದರು. ಬಹುಮಂದಿ ಒಪ್ಪಲಿಲ್ಲ, ಜುಲೈಯಲ್ಲಿ ಲೆಕ್ಕವನ್ನೇ ತಿದ್ದಿ, ಹೂಡಿದವರಿಗೆ ಹಣ ಮರಳುವ ಏರ್ಪಾಡಾಯಿತು. ತಿದ್ದಲೊಪ್ಪದವರು ಹಳೆಯ ಲೆಕ್ಕವನ್ನೇ ಈಥೀರಿಯಂ ಕ್ಲಾಸಿಕ್ ಎಂದು ಮುಂದುವರಿಸಿದರು.

ಅಮೆರಿಕದ ಏಕರೂಪ ವಾಣಿಜ್ಯ ಸಂಹಿತೆಗೆ 2022ರಲ್ಲಿ ರೂಪಿಸಿದ 12ನೆಯ ಅಧ್ಯಾಯವು 'ಹತೋಟಿ'ಯ ಲಕ್ಷಣವನ್ನು ಹೇಳುತ್ತದೆ: ಸ್ವತ್ತಿನ ಪ್ರಯೋಜನ ಪಡೆಯುವ, ಇತರರನ್ನು ತಡೆಯುವ, ಹತೋಟಿಯನ್ನು ಇನ್ನೊಬ್ಬರಿಗೆ ದಾಟಿಸುವ ಶಕ್ತಿ. ಅನ್ಯರ ಹಕ್ಕಿನ ಸುಳಿವಿಲ್ಲದೆ, ಸದ್ಭಾವದಿಂದ, ಬೆಲೆಗೆ ಕೊಂಡು ಹತೋಟಿ ಪಡೆದವನ ಮೇಲೆ ಹಿಂದಿನ ಒಡೆಯನ ಹಕ್ಕು ನಡೆಯದು. ಹೀಗಾಗದಿದ್ದರೆ ಪ್ರತಿ ವ್ಯಾಪಾರದಲ್ಲೂ ಸಂಶಯವೇ ಉಳಿದೀತು. ಆದರೆ ಕಳೆದುಕೊಂಡವನ ಗತಿಯೇನು? ಇಲ್ಲಿ ಒಂದು ಸೂಕ್ಷ್ಮವಿದೆ. ಈ ರಕ್ಷಣೆ ಅರಿಯದೆ ಕೊಂಡವನಿಗೆ, ಕದ್ದವನಿಗಲ್ಲ. ಹತೋಟಿಯೇ ಒಡೆತನವೆಂದು ಆ ಕಾನೂನೂ ಹೇಳಿಲ್ಲ. ಸ್ವತ್ತು ಮರಳದಿದ್ದರೂ ಕದ್ದವನ ಋಣ ತೀರಿತೆನ್ನಲಾಗದು.

ನಮ್ಮ 1872ರ ಕರಾರು ಅಧಿನಿಯಮದ 72ನೆಯ ಕಲಮು ಇನ್ನೂ ಸರಳವಾಗಿ ನುಡಿಯುತ್ತದೆ: ತಪ್ಪಿನಿಂದಲೋ ಬಲಾತ್ಕಾರದಿಂದಲೋ ಸಂದ ಹಣವನ್ನು ಪಡೆದವನು ಹಿಂದಿರುಗಿಸಬೇಕು. ತಪ್ಪೆಂಬುದು ಮನಸ್ಸಿಗೆ ಸೇರಿದ್ದು. ಗಣಕವು ಬರೆದುದನ್ನು ಬಲ್ಲುದು, ಬರೆದವರು ಒಪ್ಪಿದ್ದೇನೆಂಬುದನ್ನು ಅರಿಯದು. ಅದನ್ನು ಅರಿಯಲು ಮನುಷ್ಯರೇ ಬೇಕು. ಹಾಗೆಂದು ಪ್ರತಿಯೊಂದು ನಷ್ಟಕ್ಕೂ ಲೆಕ್ಕ ತಿದ್ದುತ್ತ ಹೋದರೆ ಕರಾರಿಗೆ ಬೆಲೆಯುಳಿಯದೆಂಬ ವಾದವನ್ನೂ ನಾವು ತಳ್ಳಿಹಾಕುವಂತಿಲ್ಲ.

ಆದುದರಿಂದಲೇ ಪಾಠ ಹೇಳುವ ನಮ್ಮ ಹೊಣೆ ಹಿರಿದು. 'ನನ್ನಿಂದ ಸಾಧ್ಯ' ಎಂಬುದು ಒಂದು ಮಾತು, 'ನನಗೆ ಸಲ್ಲುತ್ತದೆ' ಎಂಬುದು ಬೇರೊಂದು ಮಾತು. ಇವೆರಡರ ಅಂತರವನ್ನು ಮಕ್ಕಳಿಗೆ ಕಪಾಟಿನ ಬಳಿಯಲ್ಲೇ ತಿಳಿಸಿಕೊಟ್ಟರೆ, ಮುಂದೆ ಅವರ ಕೈಗೆ ಯಾವ ಕೀಲಿ ಬಂದರೂ ನಾವು ನಿಶ್ಚಿಂತರಾಗಿರಬಹುದು.